ಅದನ್ನು ಕಿರೀಟ ಅನ್ನಬೇಡಿ

ನಮಸ್ಕಾರ. ಯೆರೆವಾನ್‌ನ ಮ್ಯೂಸಿಯಂನಲ್ಲಿ ಕಂಡ ಅರ್ಮೇನಿಯನ್ ಹೆಂಗಸರ ಬೆಳ್ಳಿ ಒಡವೆ, ತಲೆಯುಡುಗೆಗಳ ಬಗ್ಗೆ ನೀವು ಕಳಿಸಿದ ‘ಬೆಳ್ಳಿಯ ಕನಸು’ ಲೇಖನ ಓದಿದೆ. ಈಗಿರುವ ಹಾಗೆ ಪತ್ರಿಕೆಯಲ್ಲಿ ಹಾಕೋಕೆ ಆಗಲ್ಲ. ಹಾಗಂತ ಕೈಬಿಡಬೇಡಿ.

‘ಕಿರೀಟ’ ಅನ್ನೋ ಮಾತು ಒಂಬತ್ತು ಸಲ ಬಂದಿದೆ. ಎರಡು ಬೇರೆ ಬೇರೆ ಉಡುಗೆಯನ್ನು ನೀವು ಒಂದು ಮಾಡಿದ್ದೀರಿ. ಪಶ್ಚಿಮದ ಕಾರಿನ್, ಅಂದರೆ ಇಂದಿನ ಟರ್ಕಿಯ ಎರ್ಜುರುಮ್ ಕಡೆಯದು ಫೆಜ್ ಥರದ, ಅಂದರೆ ಚಪ್ಪಟೆ ನೆತ್ತಿಯ ಗುಂಡು ಟೋಪಿ. ನೆತ್ತಿಯ ಮೇಲೆ ಬೆಳ್ಳಿ ಬಿಲ್ಲೆ. ಪೂರ್ವದ ಸ್ಯೂನಿಕ್, ಆರ್ತ್ಸಾಖ್ ಕಡೆಯದು ಹತ್ತಿಬಟ್ಟೆಯನ್ನು ಪದರ ಪದರವಾಗಿ ಸೇರಿಸಿ ಗಟ್ಟಿ ಮಾಡಿದ ಗೋಪುರ. ಹಣೆಗೆ ನಾಣ್ಯಗಳ ಸಾಲು. ಕಾಸಿನ ಸರವನ್ನು ಹಣೆಗೆ ಬಿಗಿದ ಹಾಗೆ ಅನ್ನಿ, ನಮ್ಮ ಓದುಗರ ಕಣ್ಣಿಗೆ ಕಟ್ಟುತ್ತದೆ. ಮದುವೆಯಾದವಳ ಬಾಯಿಗೂ ಅಲ್ಲಿ ಬಟ್ಟೆ. ಹೊಸ ಸೊಸೆ ಅತ್ತೆ ಮಾವನ ಮುಂದೆ ಮಾತೇ ಆಡುವಂತಿರಲಿಲ್ಲ. ಕಿರೀಟ ಇಟ್ಟುಕೊಂಡವಳಿಗೆ ಬಾಯಿ ಇರುತ್ತೆ, ಅಲ್ವಾ?

ಇನ್ನು ಬೆಳ್ಳಿ ತಂತಿಯ ಕುಸುರಿ. ‘ನವಿರಾದ, ಅಲೌಕಿಕ, ಮನಮೋಹಕ’ ಅಂತ ಬರೆದಿದ್ದೀರಿ. ಒಂದು ಚಿಮುಟವಾದರೂ ಕಾಣಲಿಲ್ಲ! ಬೆಳ್ಳಿಯನ್ನು ತೂತಿನ ಅಚ್ಚಿನಲ್ಲಿ ಎಳೆದೆಳೆದು ಸಣ್ಣ ತಂತಿ ಮಾಡಬೇಕು. ಎರಡು ತಂತಿ ಹೊಸೆದು, ತಟ್ಟಿ ಚಪ್ಪಟೆ ಮಾಡಿ, ಸುರುಳಿ ಸುತ್ತಬೇಕು. ಆಮೇಲೆ ಬಿಳಿಗಾರ, ಬೆಸುಗೆಪುಡಿ, ಬೆಂಕಿ. ಶಾಖ ಸ್ವಲ್ಪ ಜಾಸ್ತಿಯಾದರೆ ತಂತಿಯೇ ಕರಗಿ ಮುದ್ದೆ. ಅಲ್ಲಿ ಕೆಲಸ ನೋಡಲು ಆಗಲಿಲ್ಲವೇ? ಒಡಿಶಾದ ಕಟಕ್‌ನಲ್ಲಿ ಇಂಥದ್ದೇ ಕೆಲಸಕ್ಕೆ ತಾರಕಸಿ ಅನ್ನುತ್ತಾರೆ. ಕರೀಂನಗರದಲ್ಲೂ ಇದೆ. ಒಂದು ದಿನ ಪಕ್ಕದಲ್ಲಿ ಕೂತು ನೋಡಿ ಬನ್ನಿ.

ಕಪ್ಪು ಚಿತ್ರಗಳ ಆ ವಾನ್ ಊರಿನ (ಅದೂ ಇಂದಿನ ಟರ್ಕಿಯಲ್ಲಿದೆ) ಸೊಂಟಪಟ್ಟಿ ತಂತಿ ಕೆಲಸದ್ದಲ್ಲ. ಕೆತ್ತಿದ ಗೆರೆಗೆ ಬೆಳ್ಳಿ, ತಾಮ್ರ, ಸೀಸ, ಗಂಧಕದ ಮಿಶ್ರಣ ತುಂಬಿ ಕಾಯಿಸಿದ್ದು. ತಿದ್ದಿಕೊಳ್ಳಿ.

ಕೊನೆಯಲ್ಲಿ ‘1915ರಲ್ಲಿ ಎಲ್ಲವೂ ನಾಶವಾಯಿತು’ ಅಂತ ಒಂದೇ ಸಾಲು. ನನಗೆ ಬೇಜಾರಾಗಿದ್ದು ಇಲ್ಲೇ. ಒಟ್ಟೋಮನ್ ಆಡಳಿತದಲ್ಲಿ ನಡೆದ ಅರ್ಮೇನಿಯನ್ನರ ನರಮೇಧವನ್ನು ಲೇಖನ ಮುಗಿಸೋಕೆ ಸುಮ್ನೆ ಬಳಸಬಾರದು. ಎಲ್ಲವೂ ನಾಶವಾಗಲೂ ಇಲ್ಲ. ವಾನ್‌ನಿಂದ ಬದುಕುಳಿದು ಬಂದ ಅಕ್ಕಸಾಲಿಗರು ಯೆರೆವಾನ್‌ಗೆ ಕಸುಬನ್ನೂ ತಂದರು. ಒಂದೋ ಅದನ್ನು ಬರೆಯಿರಿ, ಇಲ್ಲವೇ ಆ ಸಾಲು ತೆಗೆಯಿರಿ.

ನಾಲ್ಕನೇ ಪುಟದಲ್ಲಿ ಒಬ್ಬ ಅಜ್ಜಿ ಇದ್ದಾರಲ್ಲ, ಮ್ಯೂಸಿಯಂ ಕಾಯುವವರು? ನಿಮಗೆ ಭಾಷೆ ಬಾರದು ಅಂತ ತಮ್ಮ ತಲೆಗೇ ಎರಡೂ ಕೈ ಹಿಡಿದು, ಕತ್ತು ಸೆಟೆಸಿ, ಆ ಗೋಪುರ ಹೊತ್ತು ಹೇಗೆ ನಡೆಯುತ್ತಿದ್ದರು ಅಂತ ತೋರಿಸಿದರು. ಅಲ್ಲಿಂದ ಶುರು ಮಾಡಿ. ಮೊದಲ ಮೂರು ಪುಟ ಬೇಡ. ದೀಪಾವಳಿ ಕಳೆದ ಮೇಲೆ ಕಳಿಸಿದರೂ ಪರವಾಗಿಲ್ಲ.