ಲ್ಯಾಬ್‌ನಲ್ಲಿ ಓಡಿದ ಡ್ರೈವರ್ ಗಂಜ್‌ನಲ್ಲಿ ಯಾಕೆ ನಿಲ್ಲುತ್ತದೆ?

ಪ್ರಶ್ನೆ: ನಮಸ್ಕಾರ್ರಿ ಸರ. ಕಲಬುರಗಿಯಲ್ಲಿ ಎಂಜಿನಿಯರಿಂಗ್ ಕೊನೆ ವರ್ಷ ಓದ್ತಿದ್ದೀನಿ. ತೊಗರಿಯ ತೇವಾಂಶ ಅಳೆಯುವ ಎಸ್‌ಪಿಐ (ಚಿಪ್‌ಗಳ ನಡುವೆ ಡೇಟಾ ಸಾಗಿಸೋ ಸಂಪರ್ಕ) ಸೆನ್ಸರ್‌ಗೆ 64 ಬಿಟ್ ರಾಸ್ಪ್‌ಬೆರಿ ಪೈ ಬೋರ್ಡ್ ಮೇಲೆ ಲಿನಕ್ಸ್ ಡ್ರೈವರ್ (ಸೆನ್ಸರ್ ನಡೆಸೋ ಕೋಡ್) ಬರೆದೀನಿ. ರೀಡ್ ಫಂಕ್ಷನ್ ಒಳಗೇ 1024 ರೀಡಿಂಗ್‌ಗಳ 4 ಕೆಬಿ ಅರೇ ಅದ. ರಿಕರ್ಸಿವ್ ಕ್ವಿಕ್‌ಸಾರ್ಟ್ (ತನ್ನನ್ನೇ ಕರೆದುಕೊಳ್ತಾ ಪಟ್ಟಿ ಒಡೆದು ಜೋಡಿಸೋದು) ಮಾಡಿ ನಡುವಿನ ಬೆಲೆ (ಮೀಡಿಯನ್) ತೆಗೀತೀನಿ. ಫ್ರೇಮ್ ಸೈಜ್ (ಫಂಕ್ಷನ್‌ನ ಒಂದು ಕರೆ ಹಿಡಿಯೋ ಜಾಗ) 2048 ಬೈಟ್ ಮೀರಿದೆ ಅಂತ ಕಂಪೈಲರ್ ವಾರ್ನಿಂಗ್ ಕೊಡ್ತು. ಗೆಳೆಯ ಹೇಳಿದ ಅಂತ ಮಿತಿಯನ್ನು 8192ಕ್ಕೆ ಏರಿಸಿದೆ. ಲ್ಯಾಬ್‌ನಲ್ಲಿ ಛಲೋ ನಡೀತು. ಗಂಜ್‌ಗೆ (ಕಾಳಿನ ಮಾರುಕಟ್ಟೆಗೆ) ಒಯ್ದು ಒಣ ತೊಗರಿ ಚೀಲಕ್ಕೆ ಹಚ್ಚಿದರ ಬೋರ್ಡ್ ನಿಂತೇ ಬಿಡ್ತದ. 4 ಕೆಬಿ ಅಷ್ಟು ದೊಡ್ಡದಾ ಸರ?

ಉತ್ತರ: ಡ್ರೈವರ್ ಓಡುವುದು ಕರ್ನೆಲ್, ಅಂದರೆ ಲಿನಕ್ಸ್‌ನ ತಿರುಳಿನ ಒಳಗೆ; ಅಲ್ಲಿ ಇದು ದೊಡ್ಡದೇ. ಸಾಮಾನ್ಯ ಪ್ರೋಗ್ರಾಂಗೆ ಲಿನಕ್ಸ್ ವಾಡಿಕೆಯಾಗಿ 8 ಎಂಬಿವರೆಗೆ ಸ್ಟ್ಯಾಕ್ (ಫಂಕ್ಷನ್‌ಗಳು ಓಡುವಾಗ ಬಳಸುವ ತಾತ್ಕಾಲಿಕ ಮೆಮೊರಿ) ಬೆಳೆಯಲು ಬಿಡುತ್ತದೆ. ಕರ್ನೆಲ್ ಸ್ಟ್ಯಾಕ್ ಬೆಳೆಯುವುದಿಲ್ಲ; ನಿಮ್ಮ ಬೋರ್ಡ್‌ನಲ್ಲಿ ಒಂದು ಥ್ರೆಡ್‌ಗೆ ಸಿಗುವುದು 16 ಕೆಬಿ ಮಾತ್ರ. ಸಿಸ್ಟಂ ಕಾಲ್ (ಪ್ರೋಗ್ರಾಂ ಕರ್ನೆಲ್‌ಗೆ ಮಾಡುವ ಕರೆ), ಫೈಲ್ ಪದರ, ನಿಮ್ಮ ಡ್ರೈವರ್, ಅದರ ಕೆಳಗಿನ ಎಸ್‌ಪಿಐ ಪದರ ಎಲ್ಲವೂ ಅಷ್ಟರಲ್ಲೇ ಹಿಡಿಸಬೇಕು. ಅದರ ಕಾಲು ಭಾಗವನ್ನು ನಿಮ್ಮ ಒಂದೇ ಅರೇ ನುಂಗಿದೆ.

ಆದರೂ ಬೋರ್ಡ್ ನಿಲ್ಲಿಸಿದ್ದು ಅರೇ ಒಂದೇ ಇರಲಾರದು. ನನ್ನ ಅನುಮಾನ ಕ್ವಿಕ್‌ಸಾರ್ಟ್ ಮೇಲೆ. ಲ್ಯಾಬ್‌ನಲ್ಲಿ ರೀಡಿಂಗ್‌ಗಳು ಚದುರಿದ್ದವು, ಪ್ರತಿ ಸಲ ಪಟ್ಟಿ ಹೆಚ್ಚುಕಡಿಮೆ ಅರ್ಧಕ್ಕೆ ಒಡೆಯಿತು, ಕರೆಗಳ ಆಳ ಒಂದೆರಡು ಡಜನ್ ದಾಟಲಿಲ್ಲ. ಒಂದೇ ಚೀಲದ ಒಣ ಕಾಳಿನ ರೀಡಿಂಗ್‌ಗಳು ಬಹುತೇಕ ಸಮ. ಸಮವಾದವನ್ನೆಲ್ಲ ಒಂದೇ ಬದಿಗೆ ತಳ್ಳುವಂತೆ ಕೋಡ್ ಬರೆದಿದ್ದರೆ, ಪ್ರತಿ ಕರೆಗೂ ಪಟ್ಟಿ ಒಂದೇ ಒಂದು ಅಂಶದಷ್ಟು ಕುಗ್ಗುತ್ತದೆ. ಆಳ ಸಾವಿರ ಮುಟ್ಟುತ್ತದೆ. ಕರೆಗೆ 64 ಬೈಟ್ ಹಿಡಿದರೂ ಒಟ್ಟು 64 ಕೆಬಿ, ಇರುವ ಸ್ಟ್ಯಾಕ್‌ನ ನಾಲ್ಕು ಪಟ್ಟು!

ಕಂಪೈಲರ್ ಎಚ್ಚರಿಸುವುದು ಒಂದೊಂದು ಫಂಕ್ಷನ್‌ನ ಫ್ರೇಮ್ ನೋಡಿ. ಆ ಫಂಕ್ಷನ್ ಎಷ್ಟು ಆಳಕ್ಕೆ ತನ್ನನ್ನೇ ಕರೆದುಕೊಳ್ಳುತ್ತದೆ ಎಂಬುದು ಕಂಪೈಲರ್‌ಗೆ ಗೊತ್ತಾಗದು. ಮಿತಿ ಏರಿಸಿದ್ದರಿಂದ ಸ್ಟ್ಯಾಕ್ ಒಂದು ಬೈಟ್ ಕೂಡ ಹಿಗ್ಗಲಿಲ್ಲ. ದಯವಿಟ್ಟು ಮೊದಲು ಅದನ್ನು 2048ಕ್ಕೆ ಇಳಿಸಿ. ಸೀರಿಯಲ್ ಕನ್ಸೋಲ್ (ಬೋರ್ಡ್‌ನ ಸಂದೇಶ ತೋರಿಸುವ ತಂತಿ ಸಂಪರ್ಕ) ಹಚ್ಚಿ ನೋಡಿ: ‘ಕರ್ನೆಲ್ ಸ್ಟ್ಯಾಕ್ ಓವರ್‌ಫ್ಲೋ’ ಎಂದು ಪ್ಯಾನಿಕ್ (ಕರ್ನೆಲ್ ನಿಲ್ಲುವಾಗ ಕೊಡುವ ಸಂದೇಶ) ಬಂದಿದ್ದರೆ ಅನುಮಾನ ಖಾತ್ರಿ. ಸ್ಟ್ಯಾಕ್‌ನ ಅಂಚಿಗೆ ಕಾವಲು ಪುಟ (ಮುಟ್ಟಿದ ಕೂಡಲೇ ತಪ್ಪು ಹಿಡಿಯುವ ಖಾಲಿ ಜಾಗ) ಇರುವುದರಿಂದ ಬೋರ್ಡ್ ಅಲ್ಲೇ ನಿಲ್ಲುತ್ತದೆ. ಹಳೆಯ ಕರ್ನೆಲ್‌ಗಳಲ್ಲಿ ಪಕ್ಕದ ಮೆಮೊರಿ ಸದ್ದಿಲ್ಲದೆ ಕೆಡುತ್ತಿತ್ತು.

ನಿಮ್ಮ ಕ್ವಿಕ್‌ಸಾರ್ಟ್ ತೆಗೆದು ಕರ್ನೆಲ್‌ನದ್ದೇ ‘ಸಾರ್ಟ್’ ಬಳಸಿ. ಅದು ಹೀಪ್‌ಸಾರ್ಟ್, ರಿಕರ್ಶನ್ ಇಲ್ಲ, ರೀಡಿಂಗ್‌ಗಳು ಸಮವಿದ್ದರೂ ಹದಗೆಡುವುದಿಲ್ಲ. ಅರೇಗೆ ಕೆಮ್ಯಾಲಾಕ್‌ನಿಂದ (ಸ್ಟ್ಯಾಕ್‌ನ ಹೊರಗೆ ಮೆಮೊರಿ ಕೊಡುವ ಕರ್ನೆಲ್ ಫಂಕ್ಷನ್) ಜಾಗ ಪಡೆಯಿರಿ, ಸಿಗದಿದ್ದರೆ ಎರರ್ ಹಿಂತಿರುಗಿಸಿ, ಎರರ್ ದಾರಿಗಳೂ ಸೇರಿ ಹೊರಬೀಳುವ ಎಲ್ಲ ಕಡೆ ಕೆಫ್ರೀಯಿಂದ ಆ ಜಾಗ ಹಿಂತಿರುಗಿಸಿ. ಸೆನ್ಸರ್ ಓದಲು ಹಿಡಿಯುವ ಸಮಯದ ಮುಂದೆ ಇದರ ಖರ್ಚು ಲೆಕ್ಕಕ್ಕಿಲ್ಲ. ಅರೇಯನ್ನು ಸ್ಟ್ಯಾಟಿಕ್ (ಎಲ್ಲ ಕರೆಗಳಿಗೂ ಒಂದೇ ಹಂಚಿಕೆಯ ಜಾಗ) ಮಾಡಿದರೆ ಸುಲಭ ಅನ್ನಿಸಬಹುದು, ಬೇಡ. ಎರಡು ಪ್ರೋಗ್ರಾಂ ಒಟ್ಟಿಗೆ ಓದಿದರೆ ರೀಡಿಂಗ್‌ಗಳು ಕಲಸಿಹೋಗುತ್ತವೆ. ಎಸ್‌ಪಿಐಗೆ ಕೊಡುವ ಬಫರ್ ಚಿಕ್ಕದಿದ್ದರೂ ಸ್ಟ್ಯಾಕ್ ಮೇಲೆ ಇಡಬೇಡಿ, ಡಿಎಂಎಗೆ (ಪ್ರೊಸೆಸರ್ ನಡುವೆ ಬರದೆ ಹಾರ್ಡ್‌ವೇರ್ ನೇರವಾಗಿ ಮೆಮೊರಿ ಬಳಸುವ ವಿಧಾನ) ಅದು ಒಗ್ಗುವುದಿಲ್ಲ.

ಆಮೇಲೆ ಸ್ಟ್ಯಾಕ್ ಟ್ರೇಸರ್ ಇರುವ ಕರ್ನೆಲ್ ಕಟ್ಟಿ, ಅದನ್ನು ಚಾಲೂ ಮಾಡಿ. 1024 ರೀಡಿಂಗ್‌ಗೂ ಒಂದೇ ಬೆಲೆ ಕೊಟ್ಟು ಓಡಿಸಿ. ಅತಿ ಹೆಚ್ಚು ಬಳಕೆ ಎಷ್ಟು, ಯಾವ ಫಂಕ್ಷನ್ ಎಷ್ಟು ತಿಂದಿತು ಎಂಬುದನ್ನು ಅದು ಸಾಲಾಗಿ ತೋರಿಸುತ್ತದೆ. ಈ ಪರೀಕ್ಷೆ ಲ್ಯಾಬ್‌ನಲ್ಲೇ ಆಗಲಿ.