‘ಒಂದು ಹೆತ್ತರೆ ಸರಿಯಾಗ್ತದೆ’

ಮುಟ್ಟಿನ ಹೊಟ್ಟೆನೋವಿಗೆ ನಮ್ಮ ಕಡೆ ಮೂರು ಮದ್ದುಗಳನ್ನು ಸರದಿ ಪ್ರಕಾರ ಹೇಳುತ್ತಾರೆ. ಹುಡುಗಿ ಶಾಲೆಗೆ ಹೋಗುವಾಗ ಜೀರಿಗೆ ಕಷಾಯ. ಕಾಲೇಜಿಗೆ ಬಂದ ಮೇಲೆ ‘ಮದುವೆಯಾದರೆ ಸರಿಯಾಗ್ತದೆ’. ಮದುವೆಯಾದ ಮೇಲೆ ‘ಒಂದು ಹೆತ್ತರೆ ಸರಿಯಾಗ್ತದೆ’. ಈ ಮೂರನೆಯದನ್ನು ಅಜ್ಜಿಯಂದಿರಷ್ಟೇ ಹೇಳುವುದಲ್ಲ, ಆಸ್ಪತ್ರೆಯ ಒಪಿಯಲ್ಲೂ ಕೇಳಿ ಬರುತ್ತಾರೆ. ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಕಡೆಯಿಂದ ಎಂಡೊಮೆಟ್ರಿಯೋಸಿಸ್ ಎಂದು ಬರೆದ ಚೀಟಿ ಹಿಡಿದು ನನ್ನ ಬಳಿಗೆ ಕೌನ್ಸೆಲಿಂಗಿಗೆ ಬರುವ ದಂಪತಿಗಳಲ್ಲಿ ಈ ಮಾತು ಮತ್ತೆ ಮತ್ತೆ ಎದುರಾಗುವುದರಿಂದ ಒಂದು ಪ್ರಕರಣವನ್ನು ಬರೆಯುತ್ತಿದ್ದೇನೆ. ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ. ದಂಪತಿಯ ಒಪ್ಪಿಗೆ ಇದೆ.

ಆಕೆಗೆ 28 ವರ್ಷ. ಮದುವೆಯಾಗಿ 38 ತಿಂಗಳು. ಗಂಡ ಗಲ್ಫಿನಲ್ಲಿದ್ದು ಬಂದು ಈಗ ಮನೆಯ ಅಡಿಕೆ ತೋಟ ನೋಡಿಕೊಳ್ಳುತ್ತಾರೆ. ಕರೆದುಕೊಂಡು ಬಂದದ್ದು ಅತ್ತೆ. ದೂರು ಇಷ್ಟೆ: ‘ಸೊಸೆ ಮಾತಾಡುದಿಲ್ಲ, ಬೇರೆ ಕೋಣೆಯಲ್ಲಿ ಮಲಗ್ತಾಳೆ, ಮಕ್ಕಳ ವಿಷಯ ಎತ್ತಿದರೆ ಸಿಟ್ಟು.’ ಎಡ ಅಂಡಾಶಯದಲ್ಲಿ 3.8 ಸೆಂಟಿಮೀಟರಿನ ಚಾಕೊಲೇಟ್ ಸಿಸ್ಟ್ ಇದೆ ಎಂದು ಮಂಗಳೂರಿನ ಸ್ಕ್ಯಾನಿಂಗ್ ವರದಿ ಹೇಳುತ್ತಿತ್ತು. ಹೈಸ್ಕೂಲಿನಿಂದ ಇದ್ದ ನೋವಿಗೆ ಹೆಸರು ಸಿಕ್ಕಿದ್ದು 26ನೇ ವಯಸ್ಸಿಗೆ. ಇದರಲ್ಲಿ ಅಪರೂಪದ್ದೇನಿಲ್ಲ. ಹೆರುವ ವಯಸ್ಸಿನ 10 ಹೆಂಗಸರಲ್ಲಿ ಸುಮಾರು ಒಬ್ಬರಿಗೆ ಈ ಕಾಯಿಲೆ ಇರುತ್ತದೆ. ಹೆಸರು ಗೊತ್ತಾಗುವಷ್ಟರಲ್ಲಿ ಹಲವು ವರ್ಷ ಕಳೆದಿರುತ್ತವೆ.

ಕಾಯಿಲೆ ಏನೆಂದು ಆ ಮನೆಯವರಿಗೆ ಕನ್ನಡದಲ್ಲಿ ಯಾರೂ ಹೇಳಿರಲಿಲ್ಲ. ವರದಿ ಇಂಗ್ಲಿಷಿನಲ್ಲಿ, ಕಾಸರಗೋಡಿನಲ್ಲಿ ಮಾತ್ರೆ ಕೊಟ್ಟವರ ವಿವರಣೆ ಮಲಯಾಳದಲ್ಲಿ, ಮಂಗಳೂರಿನಲ್ಲಿ ಐದು ನಿಮಿಷದ ಅವಸರ. ಗಡಿಯ ಹೆಂಗಸರ ಕಾಯಿಲೆ ಮೂರು ಭಾಷೆಗಳ ನಡುವೆ ಹೀಗೆ ಕಳೆದುಹೋಗುತ್ತದೆ. ಆದ್ದರಿಂದ ಮೊದಲ ದಿನ ಹೇಳಿದ್ದು ಇದನ್ನೇ. ಗರ್ಭಕೋಶದ ಒಳಪದರವನ್ನು ಹೋಲುವ ಅಂಗಾಂಶ ಹೊರಗೆ, ಅಂಡಾಶಯದ ಮೇಲೆ, ಗರ್ಭಕೋಶದ ಹಿಂಬದಿಯಲ್ಲಿ, ಕೆಲವೊಮ್ಮೆ ಕರುಳಿನ ಮೇಲೂ ಬೆಳೆಯುತ್ತದೆ. ಮುಟ್ಟಿನ ಹಾರ್ಮೋನಿಗೆ ಅದೂ ಸ್ಪಂದಿಸಿ ಒಳಗೇ ಒಸರುತ್ತದೆ. ಸುತ್ತ ಉರಿಯೂತವಾಗುತ್ತದೆ. ಅಂಗಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅಂಡಾಶಯದೊಳಗೆ ಹಳೆಯ ರಕ್ತ ಕಂದಾಗಿ ನಿಂತರೆ ಅದೇ ಚಾಕೊಲೇಟ್ ಸಿಸ್ಟ್. ಅಂಟು ಬಿದ್ದ ಗರ್ಭನಳಿಕೆ ಅಂಡವನ್ನು ಹಿಡಿಯಲಾರದು. ಸಿಸ್ಟ್ ಬೆಳೆದಲ್ಲಿ ಅಂಡಗಳ ಸಂಗ್ರಹ ಕಡಿಮೆಯಾಗುತ್ತದೆ. ಉರಿಯೂತದ ದ್ರವ ವೀರ್ಯಾಣುವಿಗೂ ಒಳ್ಳೆಯದಲ್ಲ. ಹಾಗೆಂದು ಇದು ಬಂಜೆತನದ ಇನ್ನೊಂದು ಹೆಸರಲ್ಲ. ಈ ಕಾಯಿಲೆ ಇದ್ದೂ ತಾನಾಗಿ ಗರ್ಭ ನಿಂತು ಹೆತ್ತವರು ತುಂಬ ಜನ ಇದ್ದಾರೆ.

ತಿರುವು ಬಂದದ್ದು ಮೂರನೆಯ ಭೇಟಿಯಲ್ಲಿ. ಮನೆಯ ಹಳೆಯ ಕ್ಯಾಲೆಂಡರ್‌ಗಳನ್ನು ತರಲು ಹೇಳಿದ್ದೆ. ಮೂರು ವರ್ಷದ್ದೂ ಅತ್ತೆ ಜೋಪಾನ ಮಾಡಿ ಇಟ್ಟಿದ್ದರು. ಹೆಚ್ಚಿನ ತಿಂಗಳುಗಳಲ್ಲಿ ಒಂದು ತಾರೀಕಿನ ಮೂಲೆಯಲ್ಲಿ ಪೆನ್ಸಿಲಿನ ಸಣ್ಣ ಅಡ್ಡಗೀಟು. ಸೊಸೆ ಹೊರಗಾದ ದಿನ ಅದು. ದೇವರ ಕೋಣೆಯ ಕೆಲಸ ಯಾರು ಮಾಡಬೇಕೆಂಬ ಲೆಕ್ಕಕ್ಕೆ ಹಾಕಿದ ಗೀಟುಗಳು. ವೈದ್ಯರ ಫೈಲಿನಲ್ಲಿ ಇಲ್ಲದ ದಾಖಲೆ ಅಲ್ಲಿತ್ತು. ಗೀಟಿನಿಂದ ಗೀಟಿಗೆ ಎಣಿಸಿದೆವು: 33, 32, 34, 33 ದಿನ. ಅತ್ತೆಯನ್ನು ಜಗಲಿಯಲ್ಲಿ ಕೂರಲು ಕೇಳಿಕೊಂಡು ಮುಂದಿನ ಲೆಕ್ಕವನ್ನು ಗಂಡಹೆಂಡಿರ ಜೊತೆ ಮಾತ್ರ ಮಾಡಿದೆ.

38 ತಿಂಗಳಲ್ಲಿ ಗಂಡ ಗಲ್ಫಿನಲ್ಲಿದ್ದದ್ದು 13. ಉಳಿದದ್ದು 25. ಈ ಕಾಯಿಲೆಯ ನೋವಿಗೆ ಕೊಡುವ ಹಾರ್ಮೋನ್ ಮಾತ್ರೆ ಡೈನೋಜೆಸ್ಟ್ ತೆಗೆದುಕೊಂಡದ್ದು ಒಮ್ಮೆ ನಾಲ್ಕು, ಒಮ್ಮೆ ಮೂರು, ಮತ್ತೆ ಎರಡು, ಒಟ್ಟು 9 ತಿಂಗಳು. ಆ ಮಾತ್ರೆ ಅಂಡ ಬಿಡುಗಡೆಯನ್ನು ತಡೆಯುವುದರಿಂದ ಆ ತಿಂಗಳುಗಳಲ್ಲಿ ಮಗುವಿನ ನಿರೀಕ್ಷೆಗೆ ಅರ್ಥವಿಲ್ಲ. ಉಳಿದದ್ದು 16. ಅದರಲ್ಲಿ 7 ತಿಂಗಳು ಇಬ್ಬರೂ ಸೇರಿಯೇ ಇರಲಿಲ್ಲ. ಉಳಿದ ಒಂಬತ್ತರಲ್ಲಿ ಐದು ತಿಂಗಳು ಯಾರೋ ಹೇಳಿದರೆಂದು 13 ಮತ್ತು 14ನೇ ದಿನ ಮಾತ್ರ ಸೇರಿದ್ದರು. ಅಂಡ ಬಿಡುಗಡೆಯಾಗುವುದು ಮುಟ್ಟಾದ ಹದಿನಾಲ್ಕನೇ ದಿನ ಎಂದು ಎಲ್ಲರೂ ಉರು ಹೊಡೆದಿರುತ್ತಾರೆ. ಅದು 28 ದಿನದ ಚಕ್ರದ ಲೆಕ್ಕ. ಹಿಂದಿನಿಂದ ಎಣಿಸಬೇಕು, ಮುಂದಿನ ಮುಟ್ಟಿಗೆ ಸುಮಾರು 14 ದಿನ ಮೊದಲು. 33 ದಿನದ ಚಕ್ರದಲ್ಲಿ ಅದು 19ನೇ ದಿನದ ಆಸುಪಾಸು. ಫಲವತ್ತಾದ ಆರು ದಿನಗಳ ಅಂಚನ್ನಷ್ಟೇ ಅವರು ಮುಟ್ಟಿದ್ದರು. ಕಾಗದದ ಕೊನೆಗೆ ಉಳಿದ ಸಂಖ್ಯೆ 4.

ಆರೋಗ್ಯವಂತ ದಂಪತಿಗೇ ಒಂದು ತಿಂಗಳಲ್ಲಿ ಗರ್ಭ ನಿಲ್ಲುವ ಸಾಧ್ಯತೆ ಶೇ. 15ರಿಂದ 20. ಈ ಕಾಯಿಲೆ ಇದ್ದವರಲ್ಲಿ ಅದು ಶೇ. 2ರಿಂದ 10ಕ್ಕೆ ಇಳಿಯುತ್ತದೆ. ‘ಮೂರು ವರ್ಷವಾದರೂ ವಿಶೇಷ ಇಲ್ಲ’ ಎಂಬ ಮಾತು, ಒಂದು ಆಶ್ಲೇಷಾ ಬಲಿ, ಎರಡು ಹರಕೆ, ಆಪರೇಷನ್‌ಗೆ ಗೊತ್ತುಮಾಡಿದ ದಿನ, ಇವೆಲ್ಲಕ್ಕೂ ಆಧಾರ ಆ ನಾಲ್ಕೇ ತಿಂಗಳು.

ಗಂಡ ಆ ಏಳು ತಿಂಗಳ ಮೇಲೆಯೇ ಬೆರಳಿಟ್ಟು ಕೂತಿದ್ದರು. ‘ನೋವು ಅಂತ ಗೊತ್ತಿರಲಿಲ್ಲ. ನನ್ನ ಮೇಲೆ ಮನಸ್ಸಿಲ್ಲ ಅಂತ ತಿಳ್ಕೊಂಡಿದ್ದೆ’ ಎಂದರು. ಆಕೆ ತಲೆ ಎತ್ತದೆ ಹೇಳಿದ್ದು ಇದು: ‘ಒಂದು ಹೆತ್ತರೆ ಸರಿಯಾಗ್ತದೆ ಅಂತ ಎಲ್ಲರೂ ಹೇಳುದು. ಹೆರಲಿಕ್ಕೆ ಬೇಕಾದ್ದೇ ನನಗೆ ಜೀವ ಹೋಗುವಷ್ಟು ನೋವು. ಮಗು ಅಂದರೆ ಮದ್ದಾ ಮೇಡಂ? ನನಗೆ ನೋವು ಹೋಗ್ಬೇಕಾ, ಮಗು ಬೇಕಾ ಅಂತ ಯಾರೂ ಕೇಳ್ಲಿಲ್ಲ.’

ಕೂಡುವಾಗಿನ ಈ ನೋವು ಮನಸ್ಸಿನದ್ದಲ್ಲ. ಗರ್ಭಕೋಶದ ಹಿಂದಿನ ಕಟ್ಟುಗಳಲ್ಲಿ ಗಂಟುಗಳಾದಾಗ, ಅಲ್ಲಿಗೆ ಒತ್ತಡ ಬಿದ್ದರೆ ಆಳದಲ್ಲಿ ಚುಚ್ಚಿದಂತಾಗಿ, ಮರುದಿನದವರೆಗೂ ನೋವು ಉಳಿಯುತ್ತದೆ. ‘ಆ ಹೊತ್ತಿಗೆ ನೋವುಂಟಾ?’ ಎಂದು ಯಾವ ಒಪಿಯಲ್ಲೂ ಆಕೆಯನ್ನು ಕೇಳಿರಲಿಲ್ಲ. ಕೇಳಿದ್ದರೂ ಅತ್ತೆ ಪಕ್ಕದಲ್ಲಿರುವಾಗ ಯಾರು ಹೇಳುತ್ತಾರೆ?

ಆಕೆಯ ಪ್ರಶ್ನೆಗೆ ನಾನು ಕೊಟ್ಟ ಉತ್ತರ: ಅಲ್ಲ, ಮಗು ಮದ್ದಲ್ಲ. ಯುರೋಪಿನ ಸಂತಾನ ತಜ್ಞರ ಸಂಘ ಎಶ್ರೆ 2022ರಲ್ಲಿ ಹೊರಡಿಸಿದ ಮಾರ್ಗಸೂಚಿ, ಕಾಯಿಲೆಯನ್ನು ವಾಸಿಮಾಡುವುದಕ್ಕೆಂದೇ ಗರ್ಭ ಧರಿಸಲು ಸಲಹೆ ಕೊಡಬಾರದೆಂದು ಸ್ಪಷ್ಟವಾಗಿ ಹೇಳುತ್ತದೆ. ಬಸಿರಲ್ಲಿ ಮುಟ್ಟಿಲ್ಲದ ಕಾರಣ ಕೆಲವರಿಗೆ ನೋವು ಇಳಿಯುತ್ತದೆ, ಎಲ್ಲರಿಗೂ ಅಲ್ಲ. ಹೆತ್ತು ಮುಟ್ಟು ತಿರುಗಿ ಬಂದ ಮೇಲೆ ನೋವೂ ತಿರುಗಿ ಬಂದವರಿದ್ದಾರೆ. ಆಗ ಆ ಹೆಂಗಸಿನ ಕೈಯಲ್ಲಿ ಕೂಸೂ ಇರುತ್ತದೆ, ನೋವೂ ಇರುತ್ತದೆ, ‘ಇನ್ನೆಂತ ನಿನಗೆ?’ ಎಂಬ ಮಾತೂ ಇರುತ್ತದೆ.

ಒಂದು ಹಾಳೆಯ ನಡುವೆ ಗೆರೆ ಎಳೆದು ಒಂದು ಕಡೆ ‘ನೋವು’, ಇನ್ನೊಂದು ಕಡೆ ‘ಮಗು’ ಎಂದು ಬರೆದೆ. ಈ ಎರಡರ ಚಿಕಿತ್ಸೆಗಳು ಹಲವು ಕಡೆ ಎದುರುಬದುರು ನಡೆಯುತ್ತವೆ. ಡೈನೋಜೆಸ್ಟ್ 2 ಮಿಲಿಗ್ರಾಂ, ದಿನವೂ ಒಂದೇ ಹೊತ್ತಿಗೆ, ನಡುವೆ ಬಿಡದೆ ತೆಗೆದುಕೊಂಡರೆ ನೋವಿಗೆ ಒಳ್ಳೆಯದು, ಆದರೆ ಅದು ಮಗುವಾಗುವ ಸಾಧ್ಯತೆಯನ್ನು ಹೆಚ್ಚಿಸುವುದಿಲ್ಲ. ಮೊದಲ ಕೆಲವು ತಿಂಗಳು ಅಲ್ಲಲ್ಲಿ ಚುಕ್ಕಿ ರಕ್ತ ಹೋಗುವುದು ಸಾಮಾನ್ಯ. ಈಕೆ ಅದಕ್ಕೆ ಹೆದರಿ ಮೂರು ಸಲ ಬಿಟ್ಟಿದ್ದರು. ‘ಮಕ್ಕಳಾಗದ ಮಾತ್ರೆ’ ಎಂದು ಮನೆಯವರೂ ಬಿಡಿಸಿದ್ದರು. ಹಾಗಾಗಿ ನೋವೂ ಹೋಗಲಿಲ್ಲ, ಮಗುವಿಗೂ ಸಮಯ ಸಿಗಲಿಲ್ಲ. ನನ್ನ ಮುಂದೆ ಬರುವ ಪ್ರಕರಣಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಲ ಹಾಳಾಗುವುದು ಹೀಗೆಯೇ.

ಆಕೆ ಆರಿಸಿಕೊಂಡದ್ದು: ಮೊದಲು ಆರು ತಿಂಗಳು ನೋವಿಗೆ, ಆಮೇಲೆ ಮಗುವಿಗೆ. ವೈದ್ಯರೊಡನೆ ಮಾತಾಡಿ ಒಪ್ಪಿಗೆ ಪಡೆದೇ ಅದನ್ನು ಬೆಂಬಲಿಸಿದೆ. ‘ಕೌನ್ಸೆಲಿಂಗಿನವರು ಮಗು ಬೇಡ ಅಂತ ಹೇಳಿಕೊಟ್ಟರು’ ಎಂದು ಬಂಧುಗಳು ಆಡಿಕೊಂಡರಂತೆ. ನಾನು ಹಾಗೆ ಹೇಳಿಲ್ಲ. 28ರ ಹೆಣ್ಣು, ಅಂಡಗಳ ಸಂಗ್ರಹ ತಿಳಿಸುವ ರಕ್ತಪರೀಕ್ಷೆ ಎಎಂಎಚ್ 2.1, ಬಲ ಅಂಡಾಶಯ ಚೆನ್ನಾಗಿದೆ. ಆರು ತಿಂಗಳ ಸಾಲವನ್ನು ಆ ದೇಹ ಕೊಡಬಲ್ಲದು. ಇದೇ ಹೆಣ್ಣು 36 ವರ್ಷದವಳಾಗಿದ್ದರೆ, ಎರಡೂ ಅಂಡಾಶಯದಲ್ಲಿ ಸಿಸ್ಟ್ ಇದ್ದಿದ್ದರೆ, ಒಂದು ತಿಂಗಳೂ ಕಾಯದೆ ಸಂತಾನ ತಜ್ಞರಲ್ಲಿಗೆ ಕಳಿಸುತ್ತಿದ್ದೆ. ನೋವಿನ ಭಯದಲ್ಲಿ ಮುದುಡುವ ದೇಹವನ್ನು ತಿಂಗಳು ತಿಂಗಳು ಹಾಸಿಗೆಗೆ ನೂಕುವ ಸಲಹೆಯನ್ನು ಮಾತ್ರ ಯಾವ ವಯಸ್ಸಿನವರಿಗೂ ಕೊಡಲಾರೆ.

ಎಎಂಎಚ್ ಬಗ್ಗೆ ಒಂದು ಮಾತು. ಅದು ಅಂಡಗಳ ಸಂಗ್ರಹದ ಅಂದಾಜು. ಐವಿಎಫ್ (ಪ್ರನಾಳ ಶಿಶು ಚಿಕಿತ್ಸೆ) ಮಾಡಿದರೆ ಎಷ್ಟು ಅಂಡ ಸಿಗಬಹುದೆಂದು ಸೂಚಿಸುತ್ತದೆ. ಈ ತಿಂಗಳು ಗರ್ಭ ನಿಲ್ಲುತ್ತದೆಯೇ ಎಂದು ಹೇಳುವುದಿಲ್ಲ. ಸಂಖ್ಯೆ ನೋಡಿ ಅಳುತ್ತಾ ಬರುವವರಿಗೆ ಇದನ್ನೇ ಎರಡೆರಡು ಸಲ ಹೇಳುತ್ತೇನೆ.

ಆಪರೇಷನ್ನಿನ ದಿನವನ್ನು ಮುಂದೂಡಿಸಲು ಹೇಳಲಿಲ್ಲ, ಪ್ರಶ್ನೆ ಕೇಳಿ ಬರಲು ಹೇಳಿದೆ. ಲ್ಯಾಪ್ರೊಸ್ಕೋಪಿಯಿಂದ (ಹೊಟ್ಟೆಯಲ್ಲಿ ಸಣ್ಣ ತೂತು ಮಾಡಿ ನಡೆಸುವ ಆಪರೇಷನ್) ನೋವು ಇಳಿಯುವುದು, ಕೆಲವರಲ್ಲಿ ತಾನಾಗಿ ಗರ್ಭ ನಿಲ್ಲುವ ಸಾಧ್ಯತೆ ಹೆಚ್ಚುವುದು ನಿಜ. ಆದರೆ ಸಿಸ್ಟಿನ ಪೊರೆ ಸುಲಿಯುವಾಗ ಪಕ್ಕದ ಒಳ್ಳೆಯ ಅಂಡಗಳೂ ಹೋಗುತ್ತವೆ, ಎರಡನೇ ಸಲ ಮಾಡಿದರೆ ಇನ್ನೂ ಹೆಚ್ಚು. ಆದ್ದರಿಂದ ಕೇಳಬೇಕಾದ್ದು: ಈಗಲೇ ಯಾಕೆ, ನೋವಿಗೋ ಮಗುವಿಗೋ? ಸಿಸ್ಟ್ ಮಾತ್ರವೋ, ಹಿಂದಿನ ಗಂಟುಗಳನ್ನೂ ತೆಗೆಯುತ್ತೀರೋ? ಐವಿಎಫ್‌ಗೇ ಹೋಗುವುದಾದರೆ ಇದು ಬೇಕೇ? ಉತ್ತರ ಕೇಳಿದ ಮೇಲೆ ದಂಪತಿಯೇ ಸದ್ಯಕ್ಕೆ ಬೇಡವೆಂದು ನಿಲ್ಲಿಸಿದರು.

ಗಂಡನ ವೀರ್ಯ ಪರೀಕ್ಷೆ ಅಲ್ಲಿಯವರೆಗೂ ಆಗಿರಲಿಲ್ಲ. ಹೆಂಡತಿಗೆ ಕಾಯಿಲೆಯ ಹೆಸರು ಸಿಕ್ಕಿದೊಡನೆ ಗಂಡನ ಪರೀಕ್ಷೆಯನ್ನು ಎಲ್ಲರೂ ಮರೆಯುತ್ತಾರೆ. ಅದಕ್ಕೆ ಮೊದಲು ಎರಡರಿಂದ ಏಳು ದಿನ ವೀರ್ಯ ಹೊರಹೋಗದಂತೆ ಇರಬೇಕು, ಮಾದರಿ ಒಂದು ಗಂಟೆಯೊಳಗೆ ಲ್ಯಾಬಿಗೆ ಸೇರಬೇಕು. ಮನೆಯಲ್ಲಿ ತೆಗೆದು ಬಸ್ಸಿನಲ್ಲಿ ತಲಪಾಡಿ ದಾಟಿ ಮಂಗಳೂರಿಗೆ ಒಯ್ದರೆ ವರದಿ ಕೆಡುತ್ತದೆ. ಲ್ಯಾಬಿನ ಕೋಣೆಯಲ್ಲೇ ಕೊಡಬೇಕು. ಅವರ ವರದಿ ಸರಿಯಾಗಿಯೇ ಬಂತು. ನಳಿಕೆಗಳ ಎಕ್ಸ್‌ರೇ ಪರೀಕ್ಷೆಯನ್ನು ಮಾತ್ರೆ ನಿಲ್ಲಿಸಿದ ಮೇಲೆ, ಮುಟ್ಟು ನಿಂತು ಅಂಡ ಬಿಡುಗಡೆಗೆ ಮೊದಲು ಮಾಡಿಸುವುದೆಂದು ಬರೆದಿಟ್ಟೆವು.

ಮಾತ್ರೆ ಬಿಟ್ಟ ಮೇಲಿನ ಆರು ತಿಂಗಳಿಗೆ ಹೇಳಿದ್ದು: 12ನೇ ದಿನದಿಂದ 21ರವರೆಗೆ ಎರಡು ಮೂರು ದಿನಕ್ಕೊಮ್ಮೆ ಸೇರಿದರೆ ಸಾಕು, ದಿನ ಎಣಿಸಿ ಒದ್ದಾಡುವುದು ಬೇಡ. ಆಕೆ ಮೇಲಿದ್ದರೆ ಅಥವಾ ಮಗ್ಗುಲಾಗಿದ್ದರೆ ಆಳ ಆಕೆಯ ಹಿಡಿತದಲ್ಲಿರುತ್ತದೆ. ‘ಸಾಕು’ ಎಂದರೆ ಅಲ್ಲಿಗೆ ಸಾಕು, ಆ ತಿಂಗಳು ಹೋದರೆ ಹೋಗಲಿ. ಅಂಗಡಿಯ ಕೆಲವು ಜೆಲ್‌ಗಳು ವೀರ್ಯಾಣುವಿನ ಓಟ ತಡೆಯುತ್ತವೆ, ವೈದ್ಯರನ್ನು ಕೇಳಿಯೇ ಬಳಸಿ. ಮೆಫೆನಮಿಕ್ ಆಸಿಡ್‌ನಂಥ ನೋವಿನ ಮಾತ್ರೆಯನ್ನು ಮುಟ್ಟಿನ ಮೊದಲ ಎರಡು ಮೂರು ದಿನಕ್ಕೆ, ಊಟದ ಮೇಲೆ, ವೈದ್ಯರು ಹೇಳಿದಷ್ಟೇ. ಚಕ್ರದ ನಡುವೆ ತೆಗೆದುಕೊಂಡರೆ ಅಂಡ ಬಿಡುಗಡೆಗೆ ಅಡ್ಡಿಯಾಗಬಹುದು. ಫೋಲಿಕ್ ಆಸಿಡ್ ಈಗಿನಿಂದಲೇ. ಆರು ತಿಂಗಳಲ್ಲಿ ಆಗದಿದ್ದರೆ ಮತ್ತೆ ಕಾಯದೆ ಸಂತಾನ ತಜ್ಞರ ಬಳಿಗೆ, ಅದೂ 2021ರ ಎಆರ್‌ಟಿ (ಸಹಾಯಕ ಸಂತಾನ ತಂತ್ರಜ್ಞಾನ) ಕಾಯ್ದೆಯಡಿ ನೋಂದಾಯಿಸಿದ ಕೇಂದ್ರಕ್ಕೇ.

ಗರ್ಭ ನಿಂತರೆ ಏನೆಂಬುದನ್ನೂ ಮೊದಲೇ ಹೇಳಿದೆ, ಹೆದರಿಸಲಿಕ್ಕಲ್ಲ. ಆರೇಳು ವಾರಕ್ಕೆ ಮೊದಲ ಸ್ಕ್ಯಾನ್ ತಪ್ಪಿಸಬಾರದು, ನಳಿಕೆಯಲ್ಲಿ ಗರ್ಭ ನಿಲ್ಲುವ ಸಾಧ್ಯತೆ ಇವರಲ್ಲಿ ತುಸು ಹೆಚ್ಚು. ಗರ್ಭಪಾತದ ಅಪಾಯವೂ ಸ್ವಲ್ಪ ಹೆಚ್ಚು. ಐದನೇ ತಿಂಗಳ ಸ್ಕ್ಯಾನಿನಲ್ಲಿ ಮಾಸು ಕೆಳಗೆ ಕೂತಿದೆಯೇ ಎಂದು ಕೇಳಬೇಕು. ದಿನ ತುಂಬುವ ಮೊದಲೇ ಹೆರಿಗೆಯಾಗುವುದೂ ಉಂಟು. ಬಸಿರಲ್ಲಿ ಸಿಸ್ಟಿನ ರೂಪ ಬದಲಾಗಿ ಸ್ಕ್ಯಾನಿನಲ್ಲಿ ಬೇರೆಯೇ ಕಾಯಿಲೆಯಂತೆ ಕಾಣಬಹುದು, ಆದ್ದರಿಂದ ಹಳೆಯ ವರದಿ ಜೊತೆಗಿರಲಿ. ಬಸಿರಿನಲ್ಲಿ, ಅದರಲ್ಲೂ ಕೊನೆಯ ತಿಂಗಳುಗಳಲ್ಲಿ, ಏಕಾಏಕಿ ತೀವ್ರ ಹೊಟ್ಟೆನೋವು, ತಲೆಸುತ್ತು ಬಂದರೆ ಗ್ಯಾಸ್ ಎಂದು ಓಮದ ನೀರು ಕುಡಿಸಿ ಕೂರಬಾರದು. ಅಪರೂಪಕ್ಕೆ ಹೊಟ್ಟೆಯೊಳಗೆ ರಕ್ತ ಹೋಗುತ್ತದೆ, ತಕ್ಷಣ ಆಸ್ಪತ್ರೆಗೆ ಹೋಗಬೇಕು. ಇಷ್ಟಿದ್ದೂ ಹೆಚ್ಚಿನವರ ಬಸಿರು, ಬಾಣಂತನ ಸುಸೂತ್ರವಾಗಿಯೇ ಮುಗಿಯುತ್ತದೆ.

ಅತ್ತೆಗೆ ಕೊನೆಗೆ ಲೆಕ್ಕದ ಹಾಳೆಯನ್ನು ತೋರಿಸಿದೆವು, ಏಳು ತಿಂಗಳ ಕಾರಣವನ್ನು ಬಿಟ್ಟು. ಅವರನ್ನು ಖಳನಾಯಕಿ ಮಾಡಲು ನನಗೆ ಮನಸ್ಸಿಲ್ಲ. ‘ನನಗೂ ಹೀಗೇ ನೋವಿತ್ತು, ಮೂರು ಹೆತ್ತ ಮೇಲೂ ಹೋಗಲಿಲ್ಲ’ ಎಂದು ಹೇಳಿದ್ದು ಅವರೇ. ಹಾಗಿದ್ದರೆ ಸೊಸೆಗೆ ಯಾಕೆ ಅದೇ ಮದ್ದು ಹೇಳಿದಿರಮ್ಮಾ ಎಂದು ಕೇಳಿದೆ. ‘ನಮಗೆ ಹೇಳಿದ್ದನ್ನೇ ನಾವು ಹೇಳುದಲ್ವಾ’ ಎಂದರು.

ನೋವಿನ ಆರು ತಿಂಗಳು ಮುಗಿದಿವೆ. ನಳಿಕೆಗಳು ತೆರೆದಿವೆ. ಮಗುವಿನ ಆರು ತಿಂಗಳಲ್ಲಿ ಈಗ ನಾಲ್ಕನೆಯದು ನಡೆಯುತ್ತಿದೆ. ಸಂತಾನ ತಜ್ಞರಲ್ಲಿ ದಿನ ಗೊತ್ತುಮಾಡಿ ಇಟ್ಟಿದ್ದಾರೆ. ಕ್ಯಾಲೆಂಡರಿನಲ್ಲಿ ಅಡ್ಡಗೀಟನ್ನು ಈಗ ಆಕೆಯೇ ಹಾಕುತ್ತಾರೆ.