ಹುಡುಗೀರಿಗೆ ಅಂತ ವಿಜ್ಞಾನ ಕಾರ್ಯಕ್ರಮ ಮಾಡಿದ್ರೆ ನಿಜವಾಗ್ಲೂ ಏನಾದ್ರೂ ಉಪಯೋಗ ಆಗುತ್ತಾ?

ನೀವು ಕೇಳಿರೋದು ಇಷ್ಟು: ನಿಮ್ಮ ಗುಂಪಿನವರು ಫೆಬ್ರವರಿ 11ಕ್ಕೆ, ಅಂದ್ರೆ ವಿಜ್ಞಾನದಲ್ಲಿರೋ ಮಹಿಳೆಯರ ಮತ್ತು ಹುಡುಗೀರ ಅಂತರರಾಷ್ಟ್ರೀಯ ದಿನಕ್ಕೆ, ಹೈಸ್ಕೂಲು ಹುಡುಗೀರಿಗೆ ಒಂದು ದಿನದ ವಿಜ್ಞಾನ ಕಾರ್ಯಕ್ರಮ ಇಟ್ಕೋಬೇಕು ಅಂತಿದೀರ, ಆದ್ರೆ ಗುಂಪಲ್ಲೇ ಒಬ್ರು "ಒಂದಿನ ಭಾಷಣ ಮಾಡಿ ಫೋಟೋ ತೆಗೆಸ್ಕೊಂಡ್ರೆ ಏನು ಬದಲಾಗುತ್ತೆ" ಅಂದಿದಾರೆ, ಅವರಿಗೆ ಏನು ಹೇಳೋದು, ಮಾಡೋದಾದ್ರೆ ಹೇಗೆ ಮಾಡೋದು ಅಂತ.

ಅವರು ಕೇಳಿದ್ದರಲ್ಲಿ ತಪ್ಪೇನಿಲ್ಲ. ಬರೀ ಭಾಷಣ ಆದ್ರೆ ಏನೂ ಆಗಲ್ಲ. ಆದ್ರೆ ಹುಡುಗಿ ಕೈಗೆ ಉಪಕರಣ ಸಿಕ್ಕಿ, ಅವಳು ಬಾಯಿಬಿಟ್ಟು ಒಂದು ಪ್ರಶ್ನೆ ಕೇಳಿ, ಮುಂದೆ ಏನಾದ್ರೂ ಡೌಟ್ ಬಂದ್ರೆ ಕೇಳೋಕೆ ಒಬ್ಬರಿದಾರೆ ಅಂತ ಗೊತ್ತಾಗಿ ಮನೆಗೆ ಹೋದ್ರೆ ಖಂಡಿತ ಆಗುತ್ತೆ, ನಾನು ಕಣ್ಣಾರೆ ನೋಡಿದೀನಿ. ನಾನು ಜೀವಶಾಸ್ತ್ರ ಓದಿ ಲ್ಯಾಬಲ್ಲಿ ಕೆಲಸ ಮಾಡೋಳು, ಒಂದಷ್ಟು ವರ್ಷದಿಂದ ಗೆಳತಿಯರ ಜೊತೆ ಇಂಥ ಕಾರ್ಯಕ್ರಮ ಮಾಡ್ಕೊಂಡು ಬಂದಿದೀನಿ, ಅದಕ್ಕೇ ಸ್ವಲ್ಪ ಉದ್ದ ಬರೀತೀನಿ.

ಮೊದಲನೇ ವರ್ಷ ನಾವೂ ಎಲ್ಲರ ಥರಾನೇ ಮಾಡಿದ್ವಿ. ದೊಡ್ಡ ಹಾಲ್, ವೇದಿಕೆ ಮೇಲೆ ಆರು ಜನ, ಅದರಲ್ಲಿ ನಾಲ್ಕು ಜನ ಗಂಡಸರು, ಎರಡೂವರೆ ಗಂಟೆ ಬರೀ ಮಾತು. ಕೊನೇಲಿ "ಪ್ರಶ್ನೆ ಇದೆಯಾ" ಅಂದಾಗ ಹಾಲ್ ಪೂರ್ತಿ ಸೈಲೆಂಟು. ಹುಡುಗೀರು ತಲೆ ಬಗ್ಗಿಸ್ಕೊಂಡು ಕೂತಿದ್ರು, ಯಾರೋ ಒಬ್ಬ ಮೇಷ್ಟ್ರು ಎದ್ದು ಪ್ರಶ್ನೆ ಕೇಳಿದ್ರು, ಅಲ್ಲಿಗೆ ಮುಗೀತು. ಅವತ್ತು ರಾತ್ರಿ ನಿದ್ದೆ ಬರ್ಲಿಲ್ಲ ನಂಗೆ, ಅಷ್ಟು ಹುಡುಗೀರನ್ನ ಕರೆಸಿ ಮತ್ತೆ ಸುಮ್ನೆ ಕೂರೋದನ್ನೇ ಕಲಿಸಿ ಕಳಿಸಿದ್ವಲ್ಲ ಅಂತ.

ಮುಂದಿನ ವರ್ಷ ಕುರ್ಚಿ ಎಲ್ಲ ತೆಗೆದು ಟೇಬಲ್ ಹಾಕಿದ್ವಿ. ಒಂದೊಂದು ಟೇಬಲ್ ಮೇಲೆ ಒಂದು ಮೈಕ್ರೋಸ್ಕೋಪು, ಸ್ಲೈಡು, ಕವರ್ ಸ್ಲಿಪ್ಪು, ಅಯೋಡಿನ್, ಅರ್ಧ ಈರುಳ್ಳಿ. ಈರುಳ್ಳಿ ಎಸಳಿನ ಒಳಗಡೆ ಮೈಯಿಂದ ತೆಳ್ಳಗಿನ ಪೊರೆ ಎಳೆದು ಸ್ಲೈಡ್ ಮೇಲೆ ಹಾಸಿ, ಒಂದು ಹನಿ ಅಯೋಡಿನ್ ಬಿಟ್ಟು, ಕವರ್ ಸ್ಲಿಪ್ಪನ್ನ ಒಂದು ಕಡೆಯಿಂದ ಓರೆಯಾಗಿ ನಿಧಾನಕ್ಕೆ ಇಳಿಸಬೇಕು, ಒಟ್ಟಿಗೆ ಇಟ್ರೆ ಗಾಳಿ ಸಿಕ್ಕಾಕೊಳ್ಳುತ್ತೆ. ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗಿ ಒಂದು ಕಣ್ಣು ಮುಚ್ಕೊಂಡು ನೋಡಿ "ಮೇಡಂ ಸೆಲ್ ಸಿಕ್ತು, ಗುಂಡಗಿದೆ, ಸುತ್ತ ಕಪ್ಪು ಗೆರೆ ಇದೆ" ಅಂತ ಕೂಗಿದ್ಳು. ನೋಡಿದ್ರೆ ಅದು ಜೀವಕೋಶ ಅಲ್ಲ, ಗಾಳಿಗುಳ್ಳೆ. ಅಲ್ಲಿದ್ದ ಪಿಎಚ್‌ಡಿ ಮಾಡ್ತಿರೋ ಹುಡುಗಿ "ನಾನೂ ಮೊದಲನೇ ಸಲ ಇದನ್ನೇ ಸೆಲ್ ಅಂದ್ಕೊಂಡು ಚಿತ್ರಾನೂ ಬರೆದುಬಿಟ್ಟಿದ್ದೆ" ಅಂದ್ಳು. ಆ ಮಾತಿಗೆ ಮಗು ಮುಖ ಹೇಗೆ ಅರಳಿತು ಅಂತೀರ! ಸ್ಲೈಡ್ ತಾನೇ ಸ್ವಲ್ಪ ಸರಿಸಿ, ಸಣ್ಣ ನಾಬ್ ತಿರುಗಿಸ್ತಾ ತಿರುಗಿಸ್ತಾ, ಇಟ್ಟಿಗೆ ಜೋಡಿಸಿದ ಹಾಗೆ ಸಾಲುಸಾಲಾಗಿ ಸೆಲ್ ಬಂದಾಗ ಕೂಗ್ಲಿಲ್ಲ, ಸುಮ್ನೆ ನೋಡ್ತಾನೇ ಇದ್ಳು, ಹಿಂದೆ ನಿಂತಿದ್ದೋರು "ನಂಗೆ ಬಿಡೇ" ಅಂತ ತಳ್ಳೋವರೆಗೂ.

ಆ ಪಿಎಚ್‌ಡಿ ಹುಡುಗಿ ಥರದೋರೇ ನಿಮಗೆ ಬೇಕಾಗಿರೋದು. ದೊಡ್ಡ ಪ್ರಶಸ್ತಿ ಬಂದೋರನ್ನ ಕರೀಬೇಡಿ ಅಂತಲ್ಲ, ಕರೀರಿ, ಆದ್ರೆ ಹದಿನಾಲ್ಕು ವರ್ಷದ ಮಗುವಿಗೆ ಮೇರಿ ಕ್ಯೂರಿ ಆಕಾಶದಷ್ಟು ದೂರ. ತನಗಿಂತ ಏಳೆಂಟು ವರ್ಷ ದೊಡ್ಡೋಳು, ಪರೀಕ್ಷೇಲಿ ಒಂದ್ಸಲ ಕಮ್ಮಿ ಮಾರ್ಕ್ಸ್ ತೆಗೆದೋಳು, ಇವತ್ತು ಲ್ಯಾಬಲ್ಲಿದಾಳೆ ಅಂದ್ರೆ ಅದು ಕೈಗೆಟುಕೋ ಅಷ್ಟು ಹತ್ರ.

ಇನ್ನು ಪ್ರಶ್ನೆ ವಿಷಯ, ಇದನ್ನ ದಯವಿಟ್ಟು ಹಗುರವಾಗಿ ತಗೋಬೇಡಿ. 2018ರಲ್ಲಿ ಒಂದು ಅಧ್ಯಯನ ಬಂತು, 10 ದೇಶಗಳ 35 ಸಂಸ್ಥೆಗಳಲ್ಲಿ ಸುಮಾರು 250 ಸೆಮಿನಾರ್‌ಗಳಲ್ಲಿ ಕೂತು ಯಾರ್ಯಾರು ಪ್ರಶ್ನೆ ಕೇಳ್ತಾರೆ ಅಂತ ಎಣಿಸಿದ್ರು. ಸಭೇಲಿ ಎಷ್ಟು ಹೆಂಗಸರಿದ್ರು, ಎಷ್ಟು ಗಂಡಸರಿದ್ರು ಅನ್ನೋ ಲೆಕ್ಕ ಹಿಡಿದ್ರೂ ಗಂಡಸರು ಪ್ರಶ್ನೆ ಕೇಳೋ ಸಾಧ್ಯತೆ ಎರಡೂವರೆ ಪಟ್ಟು ಜಾಸ್ತಿ. ಅವರೆಲ್ಲ ಸಂಶೋಧನೇಲಿರೋರು ನೋಡಿ, ಶಾಲೆ ಮಕ್ಕಳಲ್ಲ! ಇನ್ನೊಂದು ವಿಷಯ, ಮೊದಲನೇ ಪ್ರಶ್ನೆ ಗಂಡಸು ಕೇಳಿದ ಕಡೆ ಆಮೇಲೆ ಹೆಂಗಸರು ಕೇಳೋದು ಇನ್ನೂ ಕಮ್ಮಿ ಇತ್ತು. ಅದನ್ನ ಓದಿದ ಮೇಲೆ ನಾವು ಒಂದು ಪದ್ಧತಿ ಇಟ್ಕೊಂಡ್ವಿ, ಮೊದಲನೇ ಪ್ರಶ್ನೆ ಯಾವಾಗ್ಲೂ ಹುಡುಗೀದೇ. ಮಾತು ಮುಗಿದ ತಕ್ಷಣ ಪ್ರಶ್ನೆ ಕೇಳಿ ಅನ್ನಲ್ಲ, ಎರಡು ನಿಮಿಷ ಪಕ್ಕದೋಳ ಜೊತೆ ಮಾತಾಡ್ಕೊಳಿ ಅಂತೀವಿ, ಪಕ್ಕದೋಳು "ಚೆನ್ನಾಗಿದೆ ಕಣೇ ಕೇಳು" ಅಂದ್ರೆ ಸಾಕು ಕೈ ಮೇಲೆ ಬರುತ್ತೆ.

ನಿಮ್ಮ ಸ್ನೇಹಿತರು ಅಂಕಿಅಂಶ ಕೇಳೋರಾದ್ರೆ ಇದನ್ನೂ ಹೇಳಿ. ಡೇವಿಡ್ ಚೇಂಬರ್ಸ್ ಅನ್ನೋರು ಚಿಕ್ಕ ಮಕ್ಕಳಿಗೆ ಒಬ್ಬ ವಿಜ್ಞಾನಿ ಚಿತ್ರ ಬರೀರಿ ಅಂತ ಹೇಳಿ 4,807 ಚಿತ್ರ ಒಟ್ಟುಮಾಡಿ 1983ರಲ್ಲಿ ಪ್ರಕಟಿಸಿದ್ರು, ಅದರಲ್ಲಿ ಹೆಂಗಸಿನ ಚಿತ್ರ ಇದ್ದಿದ್ದು ಬರೀ 28, ಆ 28ನ್ನೂ ಬರೆದಿದ್ದು ಹುಡುಗೀರೇ. 2018ರಲ್ಲಿ ಅಮೆರಿಕದಲ್ಲಿ ಐದು ದಶಕಗಳಲ್ಲಿ ಹೀಗೆ ಬರೆಸಿದ 20,000ಕ್ಕೂ ಹೆಚ್ಚು ಮಕ್ಕಳ ಚಿತ್ರಗಳನ್ನ ಒಟ್ಟಿಗೆ ನೋಡಿದಾಗ 1985ರಿಂದ ಈಚೆಗಿನ ಅಧ್ಯಯನಗಳಲ್ಲಿ ಸರಾಸರಿ ಶೇ. 28 ಮಕ್ಕಳು ಹೆಣ್ಣನ್ನ ಬರೆದಿದ್ರು. ಅಂದ್ರೆ ಕಾಲ ಬದಲಾಗಿದೆ, ಮಕ್ಕಳು ಕಣ್ಣಿಗೆ ಕಂಡಿದ್ದನ್ನೇ ಬರೀತಾರೆ. ಆದ್ರೆ ಅದೇ ಅಧ್ಯಯನದಲ್ಲಿ ದೊಡ್ಡೋರಾಗ್ತಾ ಆಗ್ತಾ ಮಕ್ಕಳು ಗಂಡಸರನ್ನೇ ಜಾಸ್ತಿ ಬರೆಯೋದೂ ಕಂಡಿದೆ. ಅದಕ್ಕೇ ನಾನು ಹೇಳೋದು, ಹೈಸ್ಕೂಲಿನವರ ಜೊತೆ ಐದು ಆರನೇ ಕ್ಲಾಸಿನ ಮಕ್ಕಳನ್ನೂ ಕರೀರಿ. ಬಂದ ತಕ್ಷಣ ಒಂದೊಂದು ಹಾಳೆ ಕೊಟ್ಟು ವಿಜ್ಞಾನಿ ಚಿತ್ರ ಬರೆಸಿ, ಏನೂ ವಿವರಿಸಬೇಡಿ, ಸಂಜೆ ಗೋಡೆಗೆ ಅಂಟಿಸಿ ಅವರೇ ಎಣಿಸ್ಲಿ.

ಎಲ್ಲರಿಗೂ ಸೇರಿ ಒಂದು ಕಥೆ ಹೇಳ್ಬೇಕು ಅಂದ್ರೆ ನಾನು ಖಗೋಳವಿಜ್ಞಾನಿ ಜೋಸೆಲಿನ್ ಬೆಲ್ ಬರ್ನೆಲ್ ಅವರದ್ದೇ ಹೇಳೋದು. 1967ರಲ್ಲಿ ಅವರು ಕೇಂಬ್ರಿಡ್ಜಲ್ಲಿ ಪಿಎಚ್‌ಡಿ ವಿದ್ಯಾರ್ಥಿನಿ. ರೇಡಿಯೋ ಟೆಲಿಸ್ಕೋಪ್ ಕಟ್ಟೋದರಲ್ಲಿ ಅವರ ಕೈಯೂ ಇತ್ತು, ಆಮೇಲೆ ದಿನಾ ಮೀಟರ್‌ಗಟ್ಟಲೆ ಹೊರಗೆ ಬರ್ತಿದ್ದ ಚಾರ್ಟ್ ಪೇಪರನ್ನ ಕೂತು ನೋಡೋ ಕೆಲಸ, ಆ ಗೆರೆಗಳ ಮಧ್ಯೆ ಒಂದು ಚೂರು ಬೇರೆ ಥರ ಇರೋದನ್ನ ಗಮನಿಸಿದ್ರು. ಬಿಟ್ಟುಬಿಡಬಹುದಿತ್ತು, ಬಿಡ್ಲಿಲ್ಲ. ಸುಮಾರು 1.33 ಸೆಕೆಂಡಿಗೊಂದ್ಸಲ ತಪ್ಪದೆ ಮಿಡೀತಿದ್ದ ಅದೇ ಮೊದಲ ಪಲ್ಸಾರ್, ಅಂದ್ರೆ ಗಿರಗಿರ ತಿರುಗ್ತಾ ರೇಡಿಯೋ ಮಿಡಿತ ಕಳಿಸೋ ಒಂಥರ ನಕ್ಷತ್ರ. 1974ರಲ್ಲಿ ನೊಬೆಲ್ ಬಂದಿದ್ದು ಅವರ ಗೈಡ್ ಆಂಟನಿ ಹ್ಯೂಯಿಶ್ ಮತ್ತೆ ಮಾರ್ಟಿನ್ ರೈಲ್‌ಗೆ, ಇವರಿಗಲ್ಲ. 2018ರಲ್ಲಿ 30 ಲಕ್ಷ ಡಾಲರಿನ ಬ್ರೇಕ್‌ಥ್ರೂ ಪ್ರಶಸ್ತಿ ಬಂದಾಗ ಇವರು ಅಷ್ಟನ್ನೂ, ಭೌತಶಾಸ್ತ್ರದಲ್ಲಿ ಪಿಎಚ್‌ಡಿ ಮಾಡೋಕೆ ಅವಕಾಶ ಕಮ್ಮಿ ಇರೋ ವಿದ್ಯಾರ್ಥಿಗಳಿಗೆ ಅಂತ ಕೊಟ್ಟುಬಿಟ್ರು. ಈ ಕಥೆ ಹೇಳುವಾಗ ಪ್ರತಿ ಸಲ ನನ್ನ ಗಂಟಲು ಕಟ್ಟುತ್ತೆ. ಹೇಳೋಕೆ ಮುಂಚೆ ಮಕ್ಕಳಿಗೆ ಉದ್ದದ ಕಾಗದದ ಪಟ್ಟಿ ಕೊಟ್ಟು, ಗೆರೆಗಳ ಮಧ್ಯೆ ಬೇರೆ ಥರ ಇರೋದನ್ನ ಹುಡುಕಿ ಅನ್ನಿ, ಎಷ್ಟು ತಾಳ್ಮೆ ಬೇಕು ಅಂತ ಬೆರಳಿಗೇ ಗೊತ್ತಾಗುತ್ತೆ.

ದೊಡ್ಡ ಹುಡುಗೀರಿಗೆ, ಕಾಲೇಜಿನವರಿಗೆ ವಿಕಿಪೀಡಿಯ ಕಮ್ಮಟ ಇಡಿ. 2018ರಲ್ಲಿ ಡೋನಾ ಸ್ಟ್ರಿಕ್‌ಲ್ಯಾಂಡ್‌ಗೆ ಭೌತಶಾಸ್ತ್ರ ನೊಬೆಲ್ ಘೋಷಣೆ ಆದಾಗ ಅವರ ಬಗ್ಗೆ ಇಂಗ್ಲಿಷ್ ವಿಕಿಪೀಡಿಯದಲ್ಲಿ ಒಂದು ಪುಟಾನೂ ಇರ್ಲಿಲ್ಲ, ಅದೇ ವರ್ಷ ಒಬ್ರು ಬರೆದಿದ್ದ ಕರಡನ್ನ ಸಾಕಷ್ಟು ಆಧಾರ ಇಲ್ಲ ಅಂತ ತಿರಸ್ಕರಿಸಿದ್ರು. ಕನ್ನಡ ವಿಕಿಪೀಡಿಯದಲ್ಲಂತೂ ಮಾಡೋಕೆ ಬೇಕಾದಷ್ಟು ಕೆಲಸ ಇದೆ. ಹತ್ತು ಜನ ಒಂದು ಮಧ್ಯಾಹ್ನ ಕೂತ್ರೆ ಮೂರ್ನಾಲ್ಕು ಒಳ್ಳೆ ಪುಟ ಬರುತ್ತೆ, ಕಾರ್ಯಕ್ರಮ ಮುಗಿದ ಮೇಲೂ ಅದು ಅಲ್ಲೇ ಇರುತ್ತೆ.

ಒಂದು ಎಚ್ಚರಿಕೆ. ಹುಡುಗೀರಿಗೆ ಅಂತ ಹೇಳಿ ಎಲ್ಲ ಗುಲಾಬಿ ಬಣ್ಣ, ಲಿಪ್‌ಸ್ಟಿಕ್ ಕೆಮಿಸ್ಟ್ರಿ ಮಾಡೋಕೆ ಹೋಗಬೇಡಿ. 2012ರಲ್ಲಿ ಯುರೋಪಿಯನ್ ಕಮಿಷನ್ ಹೈ ಹೀಲ್ಸು, ಮೇಕಪ್ಪು ತೋರಿಸಿ ವಿಜ್ಞಾನಕ್ಕೆ ಬನ್ನಿ ಅಂತ ಒಂದು ವಿಡಿಯೋ ಮಾಡಿತ್ತು, ವಿಜ್ಞಾನಿಗಳಿಂದಾನೇ ಎಷ್ಟು ಟೀಕೆ ಬಂತು ಅಂದ್ರೆ ಅದನ್ನ ವಾಪಸ್ ತಗೋಬೇಕಾಯ್ತು. ಅಲಂಕಾರ ಇಷ್ಟ ಪಡೋ ಹುಡುಗಿ ವಿಜ್ಞಾನಿ ಆಗಬಾರದು ಅಂತ ನಾನು ಹೇಳ್ತಿಲ್ಲ, ಆದ್ರೆ ಮಕ್ಕಳನ್ನ ಕರೆಯೋಕೆ ವಿಜ್ಞಾನವೇ ಸಾಕು.

ಸಣ್ಣ ಸಣ್ಣ ವಿಷಯಗಳು ಬೇರೆ ಇವೆ. ಸಂಜೆ ಬೇಗ ಮುಗಿಸಿ, ಕತ್ತಲಾದ್ರೆ ಮನೆಯವರು ಮುಂದಿನ ಸಲ ಕಳಿಸಲ್ಲ. ಟಾಯ್ಲೆಟ್ ಕ್ಲೀನಾಗಿದೆಯಾ ಅಂತ ಹಿಂದಿನ ದಿನವೇ ನೀವೇ ಹೋಗಿ ನೋಡಿ. ಮಾತಾಡೋಕೆ ಬರೋ ವಿಜ್ಞಾನಿಗೆ ಪುಟ್ಟ ಮಗು ಇದ್ರೆ ಕರ್ಕೊಂಡು ಬನ್ನಿ, ನಾವು ನೋಡ್ಕೋತೀವಿ ಅಂತ ನೀವಾಗೇ ಹೇಳಿ, ಅವರಾಗೇ ಕೇಳಲ್ಲ. ಅಪ್ಪಂದಿರನ್ನ, ಅಣ್ಣತಮ್ಮಂದಿರನ್ನೂ ಕರೀರಿ, ಆದ್ರೆ ಮೈಕ್ರೋಸ್ಕೋಪಿನ ನಾಬ್ ಯಾರ ಕೈಲಿದೆ ಅಂತ ಒಬ್ಬರು ನೋಡ್ಕೊಳ್ತಾನೇ ಇರ್ಬೇಕು, ಇಲ್ಲಾಂದ್ರೆ ಹತ್ತು ನಿಮಿಷದಲ್ಲಿ ಹುಡುಗರು ನೋಡೋದು, ಹುಡುಗೀರು ನೋಟ್ಸ್ ಬರೆಯೋದು ಅಂತಾಗ್ಬಿಡುತ್ತೆ.

ಕಾರ್ಯಕ್ರಮ ಆದ ಮೇಲೆ ತಿಂಗಳಿಗೊಂದ್ಸಲ ಒಂದು ಗಂಟೆ ಅವರಿಗೆ ಸಿಗಿ, ಇದೇ ಎಲ್ಲಕ್ಕಿಂತ ಕಷ್ಟ, ಇದನ್ನೇ ಎಲ್ಲರೂ ಬಿಡೋದು. ನಿಮ್ಮ ಗುಂಪಲ್ಲಿ ಇದಕ್ಕೆ ಅಂತ ಇಬ್ಬರನ್ನ ಈಗಲೇ ಗೊತ್ತುಮಾಡಿ, ಯಾರೂ ಸಿಗ್ಲಿಲ್ಲ ಅಂದ್ರೆ ಹಾಲ್ ಬುಕ್ ಮಾಡೋದನ್ನ ಸ್ವಲ್ಪ ದಿನ ಮುಂದಕ್ಕೆ ಹಾಕಿ. ಗಾಳಿಗುಳ್ಳೆ ನೋಡಿದ ಹುಡುಗಿ ನಮ್ಮ ತಿಂಗಳ ಕೂಟಕ್ಕೆ ಎರಡು ವರ್ಷ ಬಂದ್ಳು. ಹಾಗೆ ಬರ್ತಿದ್ದ ಎರಡನೇ ವರ್ಷ ನಡೆದ ಕಾರ್ಯಕ್ರಮದಲ್ಲಿ ಈರುಳ್ಳಿ ಟೇಬಲ್ ಅವಳದ್ದೇ. ಯಾವುದೋ ಪುಟ್ಟ ಮಗು "ಅಕ್ಕಾ ಗುಂಡಗೆ ಕಾಣ್ತಿದೆ" ಅಂದಾಗ ಅವಳು ಮಗುವಿನ ಕೈ ಹಿಡಿದು ನಾಬ್ ಮೇಲಿಟ್ಟು, "ನಂಗೂ ಹಂಗೇ ಕಂಡಿತ್ತು, ನಿಧಾನಕ್ಕೆ ತಿರುಗಿಸು" ಅಂತಿದ್ಳು.